ಮಲಕಾಜಪ್ಪನ ಎದೆಯ ಮೇಲಿನ ಕೈ

ಗಾಂಧಿ ಚೌಕದಲ್ಲಿ ಲಿಂಬಿ ಸರಬತ್ತಿನ ಅಂಗಡಿ ಇಟ್ಟಿದ್ದ ಮಲಕಾಜಪ್ಪನಷ್ಟು ವಿನಯವಂತ ಇಡೀ ವಿಜಾಪುರದಲ್ಲಿ ಮತ್ತೊಬ್ಬನಿಲ್ಲ ಎಂದು ಈ ಸಾಲುಗಳನ್ನು ಬರೆಯುವವನೂ ಒಂದು ಕಾಲಕ್ಕೆ ನಂಬಿದ್ದುಂಟು. ನಂಬದಿರಲು ಕಾರಣವಿರಲಿಲ್ಲ. ಬೆಳಿಗ್ಗೆ ಜೋರಾಪುರ ಪೇಟೆಯ ಮನೆಯಿಂದ ಅಂಗಡಿಗೆ ಹೊರಟನೆಂದರೆ ದಾರಿಯಲ್ಲಿ ಸಿಕ್ಕವರಿಗೆಲ್ಲ ಅವನು ನಿಂತು ಸಲಾಮು ಮಾಡುತ್ತಿದ್ದ. ಬಲಗೈಯನ್ನು ಎದೆಯ ಎಡಕ್ಕೆ ಒತ್ತಿ, ತಲೆ ತುಸು ಬಾಗಿಸಿ, ಕಣ್ಣು ಅರೆ ಮುಚ್ಚಿ. ನಮ್ಮದು ಬಾದಶಹರ ಊರು. ಎದೆಗೆ ಕೈ ಹಚ್ಚಿ ಮಾಡುವ ಸಲಾಮು ಇಲ್ಲಿ ಹಿಂದೂ ಮುಸಲ್ಮಾನ ಎನ್ನದೆ ಎಲ್ಲರಿಗೂ ರೂಢಿ. ಆದರೆ ಉಳಿದವರು ನೊಣ ಓಡಿಸಿದ ಹಾಗೆ ಕೈ ತಾಗಿಸಿ ಮುಂದೆ ಹೋಗುತ್ತಾರೆ. ಮಲಕಾಜಪ್ಪ ಇಟ್ಟ ಕೈಯನ್ನು ಎದುರಿನವನಿಗೇ ನಾಚಿಕೆಯಾಗುವವರೆಗೆ ತೆಗೆಯುತ್ತಿರಲಿಲ್ಲ. ಆ ಭಕ್ತಿಗೆ ಅವನ ಹಣೆಯ ಮೇಲೆ ಬೆವರು ಸಹ ಮೂಡುತ್ತಿತ್ತು.

ಅದು ವಿನಯವಲ್ಲ, ಎದೆನೋವು ಎಂದು ತಿಳಿದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಆ ಮನುಷ್ಯ ತಾನೇ ಹೆಣೆದ ಬಲೆಯಲ್ಲಿ ಹೇಗೆ ಸಿಕ್ಕಿಬಿದ್ದಿದ್ದ ಎಂಬುದನ್ನು ಹೇಳಬೇಕು.

ವಿನಯ ಮಲಕಾಜಪ್ಪನ ಹುಟ್ಟುಗುಣವಾಗಿರಲಿಲ್ಲ. ಎತ್ತರದ ಆಳು, ತಲೆಗೆ ಬಿಳಿ ರುಮಾಲು. ನಡೆದರೆ ಎದೆ ಒಂದು ಮಾರು ಮುಂದೆ, ಮಲಕಾಜಪ್ಪ ಅದರ ಹಿಂದೆ. ಎದುರಿಗೆ ಬಂದವರು ತಾವಾಗಿಯೇ ಮಾತಾಡಿಸಿದರೆ "ಹೂಂ" ಎನ್ನುತ್ತಿದ್ದ. ಇಲ್ಲವಾದರೆ ಅದೂ ಇಲ್ಲ. ಟಿಕೋಟಾದ ತೋಟಗಳಿಂದ ಲಿಂಬಿ ತರುವುದು, ಕಟ್ಟಿಗೆಯ ಒತ್ತಿನಲ್ಲಿ ಹಿಂಡುವುದು, ಸಕ್ಕರೆ ಉಪ್ಪು ಹಾಕಿ ಕದಡಿ ಕೊಡುವುದು. ಇದರಲ್ಲಿ ಸೊಕ್ಕು ಪಡುವಂಥದು ಏನಿದೆ ಎಂದು ಕೇಳಬಾರದು. ಸೊಕ್ಕು ಕಾರಣ ಹುಡುಕಿಕೊಂಡು ಬರುವುದಿಲ್ಲ.

ಐವತ್ತೊಂಬತ್ತನೆಯ ಇಸವಿಯ ಬೇಸಿಗೆಯಲ್ಲಿ ಅದಕ್ಕೊಂದು ಕಾರಣವೂ ಸಿಕ್ಕಿತು. ಲಿಂಬಿಯ ಮಾತಾಡಲು ಬಬಲೇಶ್ವರಕ್ಕೆ ಹೋಗಿದ್ದಾಗ ಅಲ್ಲಿಯ ಸಾಲೆಯ ಅಂಗಳದಲ್ಲಿ ಸರಕಾರದವರು ಆರೋಗ್ಯದ ಭಾಷಣ ಇಟ್ಟಿದ್ದರು. ಬಿಸಿಲಿಗೆ ಪೆಂಡಾಲಿನ ನೆರಳು ಕಂಡು ಮಲಕಾಜಪ್ಪ ಒಳಗೆ ಹೋಗಿ ಕೂತ. ಮಾತಾಡುತ್ತಿದ್ದವರು ಧಾರವಾಡದ ಕಡೆಯ ಡಾಕ್ಟರ್ ಇನಾಮದಾರರು. ಲಿಂಬಿ, ಮೋಸಂಬಿ, ಕಿತ್ತಳೆಗಳ ಸಿಪ್ಪೆಯ ಒಳಮೈಗೆ ಒಂದು ಬಿಳಿಯ ಪದರ ಇರುತ್ತದಲ್ಲ, ಅದರಲ್ಲಿ ಕೆಲವು ಸತ್ವಗಳಿವೆ ಎಂದರು. ಅದರಲ್ಲೊಂದರ ಹೆಸರು ಹೆಸ್ಪೆರಿಡಿನ್. ಕೂದಲಿನಷ್ಟು ಸಣ್ಣ ರಕ್ತನಾಳಗಳಿಗೆ ಅದು ಬಲ ಕೊಡಬಹುದು, ಹೃದಯಕ್ಕೂ ಹಿತವಾಗಬಹುದು, ಪರದೇಶಗಳಲ್ಲಿ ಇದರ ಪರೀಕ್ಷೆ ಇನ್ನೂ ನಡೆದಿದೆ, ಇಂಥದೇ ಎಂದು ಹೇಳುವ ಕಾಲ ಬಂದಿಲ್ಲ ಎಂದು ಬಹಳ ಜತನದಿಂದ ಹೇಳಿ ಕೂತರು.

ಮರಳಿ ಬರುವಾಗ ಮಲಕಾಜಪ್ಪ ಬಸ್ಸಿನಲ್ಲಿ ಪಕ್ಕದವನಿಗೆ ಇದನ್ನು ವಿವರಿಸಿದ. ಆಗಿನ ರಸ್ತೆಯೆಂದರೆ ಬರೀ ತಗ್ಗು ದಿನ್ನೆ. ಸಾರವಾಡದ ಹತ್ತಿರ ಬಸ್ಸು ಒಮ್ಮೆ ಎತ್ತಿ ಹಾಕಿದಾಗ ಡಾಕ್ಟರರ 'ಬಹುದು' ಕೆಳಗೆ ಬಿದ್ದಿರಬೇಕು. ಊರು ಮುಟ್ಟಿದಾಗ ಅದು ಮಲಕಾಜಪ್ಪನ ಹತ್ತಿರ ಇರಲಿಲ್ಲ. 'ಬಲ ಕೊಡಬಹುದು' ಎಂಬುದು 'ಬಲ ಕೊಡತೈತಿ' ಆಗಿತ್ತು. ಹೆಸ್ಪೆರಿಡಿನ್ ಎಂಬ ಮಾತು ಅವನ ನಾಲಿಗೆಗೆ ಒಗ್ಗಲಿಲ್ಲವಾದ್ದರಿಂದ ನಾಲಿಗೆ ಅದನ್ನು ತನಗೆ ಗೊತ್ತಿದ್ದ ಎರಡು ಮಾತುಗಳಾಗಿ ಒಡೆದುಕೊಂಡಿತ್ತು: ಹೆಸರ ಪರಡಿ. ಪರಡಿ ಎಂದರೆ ಎಲ್ಲಮ್ಮನ ಒಕ್ಕಲಿನವರು ನೈವೇದ್ಯ ತುಂಬಿ ಇಡುವ ಬಟ್ಟಲು; ಹೆಸರು ಎಲ್ಲರಿಗೂ ಗೊತ್ತಿದ್ದ ಕಾಳು. ದೇವರೂ ಧಾನ್ಯವೂ ಒಂದೇ ಮಾತಿನಲ್ಲಿ ಕೂಡಿದ ಮೇಲೆ ಔಷಧಿಗೆ ಇನ್ನೇನು ಬೇಕು?

"ಲಿಂಬಿ ಸಿಪ್ಪ್ಯಾಗ ಹೆಸರಕಾಳು ಎಲ್ಲಿಂದ ಬಂದ್ವರಿ?" ಎಂದು ಕೇಳಿದಳು ಹೆಂಡತಿ ರೇಣುಕವ್ವ. ಸಾರವಾಡದ ಒಕ್ಕಲುತನದ ಮನೆಯ ಹೆಣ್ಣುಮಗಳು. ಕಾಳುಕಡಿಯ ವಿಷಯದಲ್ಲಿ ಅವಳನ್ನು ಸುಲಭಕ್ಕೆ ಒಪ್ಪಿಸಲಾಗುತ್ತಿರಲಿಲ್ಲ.

"ನಿನಗ ತಿಳಿಯಂಗಿಲ್ಲ. ಅದು ಸಾಯನ್ಸು," ಎಂದ ಮಲಕಾಜಪ್ಪ.

ಮರುದಿನದಿಂದ ಹಿಂಡಿದ ಸಿಪ್ಪೆಗಳು ತಿಪ್ಪೆಗೆ ಹೋಗುವುದು ನಿಂತಿತು. ಅವನ್ನು ಕುಟ್ಟಿ, ರಸಕ್ಕೆ ಬೆರೆಸಿ, ಕಹಿ ಮುರಿಯಲೆಂದು ಕರಿ ಉಪ್ಪನ್ನು ಧಾರಾಳವಾಗಿ ಹಾಕಿ 'ಹೆಸರಪರಡಿ ಸರಬತ್ತು' ಎಂದು ಕೊಡತೊಡಗಿದ. ಕುಡಿದವರ ಮುಖ ಗಂಟಾಗುತ್ತಿತ್ತು. ಮುಖ ಗಂಟಾದಷ್ಟೂ ಇದು ಔಷಧಿಯೇ ಎಂಬ ನಂಬಿಕೆ ಗಟ್ಟಿಯಾಗುತ್ತಿತ್ತು.

ಈ ನಂಬಿಕೆಗೆ ಕೋಲು ಕೊಟ್ಟು ನಿಲ್ಲಿಸಿದವರು ಹಣಮಂತರಾಯರು. ಮಾಮಲೇದಾರ ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ಪಿಂಚಣಿ ಪಡೆದವರು. ಆಮೇಲೆ ಅಧ್ಯಕ್ಷರಾಗಲಿಕ್ಕೆ ಒಂದು ಸಂಘವನ್ನು ಹುಡುಕುತ್ತಿದ್ದವರು. ಹುಡುಕಿ ಸಿಗದ್ದಕ್ಕೆ 'ಹೆಸರಪರಡಿ ಮಂಡಳಿ' ಎಂದು ತಾವೇ ಒಂದನ್ನು ಹುಟ್ಟಿಸಿದರು. ಅಧ್ಯಕ್ಷರು ಅವರು, ಸಾಕ್ಷಿ ಮಲಕಾಜಪ್ಪ. ಹೊಸಬರು ಯಾರಾದರೂ ಅಂಗಡಿಗೆ ಬಂದರೆ ರಾಯರು ಅವನನ್ನು ಹೊರಗೆ ಕರೆದು ನಿಲ್ಲಿಸಿ, ಅವನ ಎದೆಗೆ ಬೆರಳ ಗಂಟಿನಿಂದ ಬಾರಿಸುತ್ತಿದ್ದರು.

"ಐವತ್ತು ದಾಟ್ಯಾನ. ಕೇಳ್ರಿ ಹೆಂಗ ಬರತೈತಿ ಸಪ್ಪಳ. ನಗಾರಿ ಇದು, ನಗಾರಿ. ಏ ಭಾಗಪ್ಪ, ನೀನೂ ಬಾರಿಸಿ ನೋಡು. ಅಂಜಬ್ಯಾಡ, ಒಡಿಯಂಗಿಲ್ಲ."

ಭಾಗಪ್ಪ ಅಲ್ಲೇ ಪಕ್ಕದ ಕಿರಾಣಿಯವನು. ಕಲ್ಲಂಗಡಿ ಕೊಳ್ಳುವವನಂತೆ ಕಿವಿ ಹತ್ತಿರ ತಂದು ಬಾರಿಸಿ, "ಹಣ್ಣಾಗೈತ್ರಿ," ಎಂದು ತೀರ್ಪು ಕೊಟ್ಟ. ಮಲಕಾಜಪ್ಪ ಉಬ್ಬಿದ. ಉಬ್ಬಿದ ಎದೆಗೆ ಸಪ್ಪಳ ಇನ್ನೂ ಚೆನ್ನಾಗಿ ಬರುತ್ತಿತ್ತು.

ನೋವು ಮೊದಲ ಸಲ ಬಂದದ್ದು ಮರುವರ್ಷ, ಟಿಕೋಟಾದಲ್ಲಿ, ಬಸಗೊಂಡಪ್ಪನ ಲಿಂಬಿ ತೋಟದಲ್ಲಿ. ಗಿಡದ ಕೆಳಗೆ ಬಗ್ಗಿ ಕಾಯಿ ನೋಡುತ್ತಿದ್ದಾಗ ರುಮಾಲು ಮುಳ್ಳಿಗೆ ಸಿಕ್ಕಿತು. ಅದನ್ನು ಬಿಡಿಸಲು ಎದ್ದರೆ ಮೇಲಿನ ಮುಳ್ಳು ಬೆನ್ನಿಗೆ, ಕೂತರೆ ಕೆಳಗಿನ ಮುಳ್ಳು ಮೊಳಕಾಲಿಗೆ. ಹಾಗೆ ಅತ್ತಲೂ ಅಲ್ಲದೆ ಇತ್ತಲೂ ಅಲ್ಲದೆ ನಿಂತಿದ್ದಾಗ ಎದೆಯೊಳಗೆ ಏನೋ ಒತ್ತಿತು. ಅವನಿಗೆ ಆ ಒತ್ತು ಗುರುತಿನದೇ ಅನಿಸಿತು. ಅಂಗಡಿಯಲ್ಲಿ ದಿನವಿಡೀ ತಾನು ಲಿಂಬಿಗೆ ಏನು ಮಾಡುತ್ತಿದ್ದನೋ ಅದನ್ನು ಯಾರೋ ಒಳಗೆ ಕೂತು ತನಗೆ ಮಾಡುತ್ತಿದ್ದರು. ಎಡಗೈಗೆ ಜೋಮು ಹಿಡಿಯಿತು, ಬೆವರು ಇಳಿಯಿತು.

"ಏನಾತ್ರಿ ಸಾವಕಾರ?" ಎಂದು ಬಸಗೊಂಡಪ್ಪ ಓಡಿ ಬಂದ.

"ವಾಸನಿ ತಗೊಳ್ಳಾಕತ್ತೀನಿ," ಎಂದ ಮಲಕಾಜಪ್ಪ, ಹಲ್ಲು ಕಚ್ಚಿ.

"ಹಂಗಾರ ಆರಾಮ ಕುಂತು ತಗೊಳ್ರಿ. ಗಿಡ ಎಲ್ಲಿ ಓಡಿ ಹೋಗತೈತಿ."

ಸ್ವಲ್ಪ ಹೊತ್ತು ಅಲ್ಲಾಡದೆ ನಿಂತ ಮೇಲೆ ಒತ್ತು ಸಡಿಲಾಯಿತು. ನಡೆದರೆ ಬರುತ್ತದೆ, ನಿಂತರೆ ಹೋಗುತ್ತದೆ ಎಂಬುದು ಅವನಿಗೆ ಆಮೇಲೆ ಎರಡು ಮೂರು ದಿನದಲ್ಲಿ ಮನವರಿಕೆಯಾಯಿತು. ನಿಲ್ಲುವುದೇನೋ ಸುಲಭ. ಆದರೆ ನಗಾರಿಯಂಥ ಎದೆಯವನು ನಡುರಸ್ತೆಯಲ್ಲಿ ಏಕೆ ನಿಂತ ಎಂದು ಜನ ಕೇಳದಿರುತ್ತಾರೆಯೇ? ಬಟ್ಟೆ ಅಂಗಡಿಯ ಮುಂದೆ ಮೊದಲ ಸಲ ನಿಂತಾಗ ಕೈ ತಾನಾಗಿ ಎದೆಗೆ ಹೋಯಿತು. ಒಳಗಿದ್ದ ಅಂಗಡಿಕಾರ ಗಾಬರಿಯಿಂದ ಎದ್ದು ನಿಂತು, ತಾನೂ ಎದೆಗೆ ಕೈ ಹಚ್ಚಿ, "ಆರಾಮ ಅದೀನ್ರಿ, ನಿಮ್ಮ ಆಶೀರ್ವಾದ," ಎಂದ. ಹನ್ನೆರಡು ವರ್ಷದಲ್ಲಿ ಮಲಕಾಜಪ್ಪ ಅವನ ಕಡೆ ನೋಡಿದ್ದೇ ಇಲ್ಲ. ಅಷ್ಟರಲ್ಲಿ ನೋವು ಇಳಿಯಿತು. ಮುಂದಿನದನ್ನು ಅವನೇನೂ ಯೋಚಿಸಿ ಮಾಡಲಿಲ್ಲ. ನೋವು ನಿಲ್ಲಿಸಿದಲ್ಲೆಲ್ಲ ಸಲಾಮು ಮಾಡಿದ. ಆರು ತಿಂಗಳಿನಲ್ಲಿ ಊರಿನ ಮರ್ಯಾದಸ್ಥರ ಸಾಲಿನಲ್ಲಿ ಅವನ ಹೆಸರು ಮೊದಲಿಗೆ ಬಂತು.

ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ದವಾಖಾನೆಗೆ ಹೋಗೋಣವೆಂದರೆ ಅಲ್ಲಿಯ ಕಂಪೌಂಡರನೇ ಹೆಸರಪರಡಿ ಮಂಡಳಿಯ ಖಜಾಂಚಿ. ಟಾಂಗಾ ಹತ್ತೋಣವೆಂದರೆ ರಾಯರು ಎದುರಿಗೆ: "ಏನ್ ಮಲಕಾಜಪ್ಪ, ಹೆಸರಪರಡಿ ಕುಡಿಯೋ ಮನುಷ್ಯಾ ಟಾಂಗಾದಾಗ ಕುಂತ್ರ ಮಂದಿ ಏನ ಅಂತಾರೋ?" ಅಂಗಡಿ ಮುಚ್ಚಿ ಮನೆಯಲ್ಲಿ ಕೂರೋಣವೆಂದರೆ ಸಾಕ್ಷಿಯೇ ಇಲ್ಲದ ಮೊಕದ್ದಮೆ ಆಗುತ್ತದೆ. ಮೊದಮೊದಲಿಗೆ ತಾನು ಹೇಳಿದ್ದು ಖರೆಯಿರಬಹುದೆಂಬ ಆಸೆಯಿಂದ ಅವನೂ ಸಿಪ್ಪೆಯ ಸರಬತ್ತನ್ನು ಹೊಟ್ಟೆ ತುಂಬ ಕುಡಿದ. ಉಪ್ಪಿಗೆ ಕಾಲು ಬಾತವು, ನೋವು ಮಾತ್ರ ಇದ್ದಲ್ಲೇ ಇತ್ತು. ಹೊರಗೆ ಹೇಳಿದರೆ ಹೆಸರು ಹೋಗುತ್ತದೆ, ಹೇಳದಿದ್ದರೆ ಜೀವ ಹೋಗುತ್ತದೆ ಎಂಬಲ್ಲಿಗೆ ಬಂದು ಅವನು ನಿಂತಿದ್ದ, ಎದೆಗೆ ಕೈ ಹಚ್ಚಿಕೊಂಡು.

ಮನೆಯಲ್ಲಿ ರೇಣುಕವ್ವನಿಗೆ ಸಂಶಯ ಬಂದದ್ದು ಹಾಸಿಗೆಯಿಂದ. ಬೇಸಿಗೆ ಬಂದರೆ ಊರೆಲ್ಲ ಮಾಳಿಗೆಯ ಮೇಲೆ ಮಲಗುತ್ತದೆ. ಮಲಕಾಜಪ್ಪ ತನ್ನ ಹಾಸಿಗೆ ಕೆಳಗೇ ಇರಲಿ ಎಂದ.

"ಯಾಕ್ರಿ?"

"ಮ್ಯಾಲ ಸೊಳ್ಳಿ."

"ಕೆಳಗಿನ ಸೊಳ್ಳಿ ಏನ್ ಉಪವಾಸ ಅದಾವೇನ್ರಿ?"

ಅವಳು ಅವನ ಮುಖ ನೋಡಿದಳು, ನಿಚ್ಚಣಿಕೆಯನ್ನು ನೋಡಿದಳು, ತನ್ನ ಹಾಸಿಗೆಯನ್ನೂ ಕೆಳಗೆ ತಂದಳು. ಆಮೇಲೆ ತಾಟು ಮುಂದೆ ಇಟ್ಟು, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ, "ಎದಿನೋ ಹೊಟ್ಟಿನೋ?" ಎಂದು ಕೇಳಿದಳು.

"ಎದಿ," ಎಂದ ಮಲಕಾಜಪ್ಪ. ಆ ಮಾತು ಮನೆಯ ಹೊಸ್ತಿಲು ದಾಟಲಿಲ್ಲ.

ಹೊರಗೆ ಅದನ್ನು ಕಂಡುಕೊಂಡವನು ಟಾಂಗಾ ಹೊಡೆಯುವ ಬಾಬುಸಾಬ. ಜೋರಾಪುರ ಪೇಟೆಯಿಂದ ಬರುವ ದಾರಿಯಲ್ಲಿ ಮುಚ್ಚಿಹೋದ ಗಿರಣಿಯೊಂದಿತ್ತು. ಅದರ ಉದ್ದನೆಯ ಗೋಡೆಗೆ ಬಾಗಿಲಿಲ್ಲ, ಕಿಟಕಿಯಿಲ್ಲ. ಒಂದು ಬೆಳಿಗ್ಗೆ ನೋವು ಮಲಕಾಜಪ್ಪನನ್ನು ಅಲ್ಲಿಯೇ ತಡೆಯಿತು. ಅವನು ಗೋಡೆಗೆ ಎದುರಾಗಿ ಎದೆಗೆ ಕೈ ಹಚ್ಚಿ ತಲೆ ಬಾಗಿಸಿ ನಿಂತ. ಬಾಬುಸಾಬ ಟಾಂಗಾ ನಿಲ್ಲಿಸಿದ.

"ಸಾವಕಾರ, ಗ್ವಾಡಿಗೆ ಯಾಕ ಸಲಾಮು ಮಾಡಾಕತ್ತೀರಿ?"

"ಗ್ವಾಡಿ ಆಚಿಕಡಿ ನಮ್ಮ ಬೀಗರ ಮನಿ ಐತಿ."

"ಆಚಿಕಡಿ ಅಗಸರು ಕತ್ತಿ ಕಟ್ಟತಾರ್ರಿ."

ಬಾಬುಸಾಬ ಮುಂದೆ ಕೇಳಲಿಲ್ಲ. ಅವನ ತಂದೆ ಇದೇ ತರಹ ದಾರಿಯಲ್ಲಿ ನಿಂತು ನಿಂತು ಒಂದು ದಿನ ಕೂತವನು ಮತ್ತೆ ಏಳಲಿಲ್ಲವಂತೆ. "ಖಾಲಿ ಹೊಂಟೀನಿ, ಕುಂದರ್ರಿ," ಎಂದ.

"ಬ್ಯಾಡ. ರಾಯರು ನೋಡ್ತಾರ."

"ರಾಯರು ನೋಡಿದ್ರ ಏನಾಕೈತ್ರಿ?"

"ನೋಡಿದ್ರ ಕೇಳತಾರ. ಕೇಳಿದ್ರ ಹೇಳಬೇಕಾಕೈತಿ."

ಅಂದಿನಿಂದ ಬಾಬುಸಾಬ ದಿನಾಲು ಬೆಳಿಗ್ಗೆ ಖಾಲಿ ಟಾಂಗಾವನ್ನು ಮಲಕಾಜಪ್ಪನ ಹಿಂದೆ, ತುಸು ದೂರದಲ್ಲಿ, ನಡೆಸಿಕೊಂಡು ಬರುತ್ತಿದ್ದ. ಸಾವಕಾರ ನಿಂತರೆ ಅವನೂ ಕುದುರೆಯ ಗೊರಸು ನೋಡುವ ನೆವದಿಂದ ನಿಲ್ಲುವನು. ಇದನ್ನು ಕಂಡ ಜನ, ಮಲಕಾಜಪ್ಪ ಎಷ್ಟು ದೊಡ್ಡ ಮನುಷ್ಯನೆಂದರೆ ಟಾಂಗಾ ಹಿಂದೆ ಬಂದರೂ ಹತ್ತುವುದಿಲ್ಲ ಎಂದು ಹೊಗಳಿದರು. ಬಲೆಗೆ ಇನ್ನೊಂದು ಗಂಟು ಬಿತ್ತು.

ಕಡೆಯ ಗಂಟು ಹಾಕಿದವರು ಮತ್ತೆ ರಾಯರೇ. ಅರವತ್ತೆರಡರ ಸಂಕ್ರಮಣ ಕಳೆದ ಮೇಲೆ ಮಂಡಳಿಯ ವಾರ್ಷಿಕೋತ್ಸವ ಮಾಡಬೇಕೆಂದು ಅವರ ತಲೆಗೆ ಬಂತು. ಬಬಲೇಶ್ವರದಲ್ಲಿ ಭಾಷಣ ಮಾಡಿದ್ದ ಇನಾಮದಾರ ಡಾಕ್ಟರರು ಯಾವುದೋ ಕೆಲಸಕ್ಕೆ ವಿಜಾಪುರಕ್ಕೆ ಬಂದಿದ್ದು ಗೊತ್ತಾಗಿ ಅವರನ್ನು ಮುಖ್ಯ ಅತಿಥಿಯೆಂದು ಹಿಡಿದುಹಾಕಿದ್ದರು. ಮಂಡಳಿಯ ಹೆಸರು ಕೇಳಿ ಡಾಕ್ಟರರು ಅದು ಹೆಸರುಕಾಳಿನ ವ್ಯಾಪಾರಿಗಳ ಸಂಘವೆಂದು ತಿಳಿದು ಒಪ್ಪಿಕೊಂಡಿದ್ದರು.

"ಬರೂ ಐತವಾರ ಕಾರ್ಯಕ್ರಮ, ಗೋಳಗುಮ್ಮಟದಾಗ," ಎಂದರು ರಾಯರು ಅಂಗಡಿಗೆ ಬಂದು. "ಸದಸ್ಯರೆಲ್ಲ ಮ್ಯಾಲ ಹತ್ತೂದು. ಮುಂದ ನೀನು. ಮ್ಯಾಲ ಹೋದಮ್ಯಾಲ ಭಾಷಣ ನಂದು. ನಾ ಒಮ್ಮೆ ಹೇಳಿದ್ರ ಸಾಕು, ಗುಮ್ಮಟ ಏಳು ಸಲ ಹೇಳತೈತಿ."

"ರಾಯರ, ನಂಗ ಕಾಲು ನೋಯತಾವ."

"ಕಾಲಿಗೂ ಹೆಸರಪರಡಿ ಬರೋಬ್ಬರಿ. ಎರಡು ಗ್ಲಾಸ ಕುಡಿ."

"ಅವತ್ತ ಸಾರವಾಡಕ್ಕ ಹೋಗೂದೈತ್ರಿ."

"ಹಂಗಾರ ಮರದಿನ ಇಟ್ಟಕೊಳ್ಳೂಣು. ನೀ ಇಲ್ಲದ ನಡಿಯಂಗಿಲ್ಲ."

ಕಾರ್ಯಕ್ರಮದ ದಿನ ಬೆಳಿಗ್ಗೆ ರೇಣುಕವ್ವ ರುಮಾಲು ತಂದು ಕೈಗೆ ಕೊಟ್ಟಳು, ಬಾಗಿಲಿಗೆ ಅಡ್ಡ ನಿಂತಳು.

"ಹೋಗಬ್ಯಾಡ್ರಿ. ಹೊಟ್ಟಿ ಕೆಟ್ಟೈತಿ ಅಂತ ಹೇಳಿ ಕಳಸ್ತೀನಿ."

"ಹೆಸರಪರಡಿ ಕುಡದು ಹೊಟ್ಟಿ ಕೆಡ್ತು ಅಂತ ಹೇಳಿ ಕಳಸ್ತಿ?"

"ಹಂಗಾರ ಎದಿ ಅಂತ ಖರೇನ ಹೇಳ್ರಿ."

ಮಲಕಾಜಪ್ಪ ರುಮಾಲು ಸುತ್ತತೊಡಗಿದ. ಅವಳು ಬಾಗಿಲು ಬಿಟ್ಟು ಸರಿದಳು. "ಬಿಗದು ಸುತ್ತಕೊಳ್ರಿ. ಬಿದ್ರ ತಲಿಯರ ಉಳಿಯಲಿ," ಎಂದು ಒಳಗೆ ಹೋದಳು.

ಗೋಳಗುಮ್ಮಟವನ್ನು ಹತ್ತುವ ಮೆಟ್ಟಿಲುಗಳು ಮೂಲೆಯ ಮಿನಾರದೊಳಗೆ ಸುತ್ತುಸುತ್ತಾಗಿ ಏರುತ್ತವೆ. ಇಕ್ಕಟ್ಟು, ಅರೆಗತ್ತಲೆ, ಒಬ್ಬ ಹೋಗುವಾಗ ಇನ್ನೊಬ್ಬ ದಾಟಲಾರ. ಎಲ್ಲರಿಗಿಂತ ಮುಂದೆ ಮಲಕಾಜಪ್ಪ, ಅವನ ಬೆನ್ನಿಗೆ ರಾಯರು ಮತ್ತು ಅವರ ಹೊಟ್ಟೆ, ಅದರ ಹಿಂದೆ ಡಾಕ್ಟರರು, ಭಾಗಪ್ಪ, ಕಂಪೌಂಡರ, ಉಳಿದ ಮಂಡಳಿ. ಹಿಂದೆ ತಿರುಗುವ ಮಾತೇ ಇಲ್ಲ. ಒಳಗಿನ ಒತ್ತು ಮೊದಲ ಅಂತಸ್ತು ಮುಗಿಯುವುದರೊಳಗೆ ಸುರುವಾಯಿತು. ಬೆಳಕಿಂಡಿಯೊಂದು ಕಂಡದ್ದೇ ಮಲಕಾಜಪ್ಪ ನಿಂತು, ಊರ ಕಡೆ ಮುಖ ಮಾಡಿ, ಎದೆಗೆ ಕೈ ಒತ್ತಿ ತಲೆ ಬಾಗಿಸಿದ.

ರಾಯರು ಹಿಂದಿನವರಿಗೆ ವಿವರಿಸಿದರು: "ಊರಿಗೆ ನಮಸ್ಕಾರ ಮಾಡಾಕತ್ತಾನ. ಎಲ್ಲಾರೂ ಮಾಡ್ರಿ."

ಎಲ್ಲರೂ ಮಾಡಿದರು. ಮುಂದಿನ ಕಿಂಡಿಯಲ್ಲೂ ಅಷ್ಟೇ, ಅದರ ಮುಂದಿನದರಲ್ಲೂ ಅಷ್ಟೇ. ತೇಕುತ್ತಿದ್ದ ಮಂಡಳಿಯವರಿಗೆ ಈ ದೇಶಭಕ್ತಿಯಿಂದ ಬಹಳ ಅನುಕೂಲವಾಯಿತು. ಭಾಗಪ್ಪನಂತೂ ಒಂದು ಕಿಂಡಿ ಬಿಟ್ಟುಹೋದದ್ದಕ್ಕೆ ಬೇಸರಪಟ್ಟ. ಮಲಕಾಜಪ್ಪನಿಗೆ ಮಾತ್ರ ಊರು ಕಾಣಿಸುತ್ತಿರಲಿಲ್ಲ. ಮೇಲೆ ಕತ್ತಲೆ, ಕೆಳಗೆ ಜನ, ಎರಡು ಕಡೆ ಕಲ್ಲು. ಇಲ್ಲಿ ಬಿದ್ದರೆ ರಾಯರ ಹೊಟ್ಟೆಯ ಮೇಲೆ ಬೀಳುತ್ತೇನೆ, ಅಷ್ಟೇ ಪುಣ್ಯ ಎಂದುಕೊಂಡ.

ಮೇಲೆ ಗುಮ್ಮಟದ ಒಳಸುತ್ತಿನ ಮೊಗಸಾಲೆಗೆ ಬಂದಾಗ ಅವನು ಗೋಡೆಗೆ ಒರಗಿದ. ಉಳಿದವರು ಸುತ್ತಲೂ ಚದುರಿ ನಿಂತರು. ರಾ‌ಯರು ಎದುರಿನ ದಂಡೆಗೆ ಹೋಗಿ ಕೋಟಿನ ಗುಂಡಿ ಹಾಕಿಕೊಂಡು, ಕೆಮ್ಮಿ, ಗುಮ್ಮಟ ಆ ಕೆಮ್ಮನ್ನು ಹೇಳಿ ಮುಗಿಸಲಿ ಎಂದು ಕಾದರು. ಕೆಮ್ಮು ಮುಗಿಯಿತು. ಆದರೆ ಅದರ ಹಿಂದೆ ಇನ್ನೊಂದು ಸಪ್ಪಳ ಉಳಿಯಿತು. ಹುಸ್, ಹುಸ್, ಹುಸ್. ಗೋಡೆಯ ಗುಂಟ ಸುತ್ತುತ್ತ, ಮೇಲೇರುತ್ತ, ಒಂದು ಹತ್ತಾಗುತ್ತ.

"ಯಾರ್ರಿ ಅದು ತಿದಿ ಒತ್ತಾವ್ರು?" ಎಂದರು ರಾಯರು. "ಕಮ್ಮಾರರನ್ನ ಮ್ಯಾಲ ಬಿಟ್ಟೋರ್ಯಾರು?"

ಡಾಕ್ಟರರು ತಲೆ ಎತ್ತಿ ಕೇಳಿದರು. ಆ ಸಪ್ಪಳ ತಿದಿಯದಲ್ಲ ಎಂದು ಗೊತ್ತಿದ್ದವರು ಅಲ್ಲಿ ಅವರೊಬ್ಬರೇ. ಗೋಡೆ ಹಿಡಿದು ಸುತ್ತಿ ಬಂದು ಮಲಕಾಜಪ್ಪನ ಮುಂದೆ ನಿಂತರು. ಅವನು ರೂಢಿಯಂತೆ ಎದೆಗೆ ಕೈ ಹಚ್ಚಿ ತಲೆ ಬಾಗಿಸಿದ. ಒಂದೂವರೆ ವರ್ಷದಲ್ಲಿ ಆ ಸಲಾಮಿಗೆ ಮರುಸಲಾಮು ಮಾಡದವರು ಅವರೇ ಮೊದಲಿಗರು. ಅವರು ಆ ಕೈಯನ್ನು ಹಿಡಿದು ನಾಡಿ ನೋಡಿದರು. ಅವನನ್ನು ಅಲ್ಲಿಯೇ ಕೂಡಿಸಿದರು. ನಾಲ್ಕು ಜನರ ಮುಂದೆ ಮನುಷ್ಯನ ಮಾನ ಹೋಗಬಾರದೆಂದು, ಗುಮ್ಮಟದ ಗುಣ ತಿಳಿಯದ ಪರ ಊರಿನವರು, ದನಿ ತಗ್ಗಿಸಿ ಕೇಳಿದರು:

"ಈ ನೋವು ಯಾವಾಗಿಂದ?"

ವಿಜಾಪುರದಲ್ಲಿ ಹುಟ್ಟಿದವನಿಗೆ ಆ ಮೊಗಸಾಲೆಯಲ್ಲಿ ದನಿ ತಗ್ಗಿಸುವುದೆಂದರೆ ಏನೆಂದು ಯಾರೂ ಕಲಿಸಬೇಕಾಗಿಲ್ಲ. ಕೂಗಿದ್ದು ಅಲ್ಲಿ ಒಡೆದು ಕಲಸಿಹೋಗುತ್ತದೆ. ಪಿಸುಮಾತು ಮಾತ್ರ ಗೋಡೆಯ ಗುಂಟ ನಡೆದು ಆಚೆ ದಂಡೆಯವನ ಕಿವಿಯಲ್ಲಿ ಇಳಿಯುತ್ತದೆ. ಮಲಕಾಜಪ್ಪ ಆಚೆ ನಿಂತ ರಾಯರನ್ನು ನೋಡಿದ, ಎದೆಗೆ ಕೈ ಹಚ್ಚಿಕೊಂಡು ಸಾಲಾಗಿ ನಿಂತಿದ್ದ ಮಂಡಳಿಯವರನ್ನು ನೋಡಿದ. ಜೋರಾಗಿ ಹೇಳುವ ಧೈರ್ಯ ಅವನಿಗೆ ಇರಲಿಲ್ಲ. ಇಲ್ಲಿ ಜೋರಾಗಿ ಹೇಳುವ ಕಾರಣವೂ ಇರಲಿಲ್ಲ. ಅವನೂ ದನಿ ತಗ್ಗಿಸಿದ.

"ಒಂದೂವರಿ ವರ್ಷಾತ್ರಿ. ನಡದ್ರ ಬರತೈತಿ, ನಿಂತ್ರ ಹೋಗತೈತಿ. ಎದಿ ಗಟ್ಟಿ ಆಗತೈತಿ ಅಂತ ಲಿಂಬಿ ಸಿಪ್ಪಿ ಕುಡದೆ, ಹೋಗಲಿಲ್ಲ. ಮಂದಿಗಿ ಹೇಳಿಲ್ಲ. ನಾ ಮಾಡೂದು ಸಲಾಮಲ್ರಿ."

ಸಲಾಮಲ್ರಿ, ಸಲಾಮಲ್ರಿ, ಎಂದಿತು ಗುಮ್ಮಟ.

ಎದುರಿನ ದಂಡೆಯಲ್ಲಿ ಭಾಗಪ್ಪ ತನ್ನ ಎದೆಯ ಮೇಲಿದ್ದ ಕೈಯನ್ನು ಮೆಲ್ಲಗೆ ಕೆಳಗಿಳಿಸಿ ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಕಿಸೆಗೆ ಹಾಕಿಕೊಂಡ. ಉಳಿದವರ ಕೈಗಳೂ ಒಂದೊಂದಾಗಿ ಇಳಿದವು.

"ಲಿಂಬಿ ಸಿಪ್ಪಿಂದ ಎದಿ ಗಟ್ಟಿ ಆಗತೈತಿ ಅಂತ ನಿಮಗ ಯಾರು ಹೇಳಿದ್ರು?" ಎಂದರು ಡಾಕ್ಟರರು.

"ನೀವ ಹೇಳಿದ್ರಿ, ಬಬಲೇಶ್ವರದಾಗ."

"ನಾ ಬಹುದು ಅಂದಿದ್ದೆ."

"ಹೌದ್ರಿ. ಅಂದಿದ್ರಿ. ಬಹುದು."

ಬಹುದು, ಬಹುದು, ಬಹುದು. ಸಾರವಾಡದ ಹತ್ತಿರ ಬಿದ್ದುಹೋಗಿದ್ದ ಮಾತು ಹೀಗೆ ಬಡ್ಡಿ ಸಮೇತ ಮರಳಿ ಬಂತು. ರಾಯರ ಭಾಷಣ ಅಂದು ಆಗಲಿಲ್ಲ.

ಬಹಳ ಹೊತ್ತು ಕೂಡಿಸಿ, ನಾಲ್ಕು ಮೆಟ್ಟಿಲಿಗೊಮ್ಮೆ ನಿಲ್ಲಿಸಿ ಕೆಳಗೆ ತಂದರು. ಬಾಬುಸಾಬ ಬಾಗಿಲಲ್ಲೇ ಟಾಂಗಾ ನಿಲ್ಲಿಸಿಕೊಂಡಿದ್ದ. ಏನಾಯಿತು ಎಂದು ಕೇಳಲಿಲ್ಲ. "ಈಗರ ಕುಂದರತೀರಲ್ಲ," ಎಂದ. ಮಲಕಾಜಪ್ಪ ಕೂತ.

ಇದನ್ನು ಬಿಡುಗಡೆಯೆಂದು ತಿಳಿಯಬಾರದು. ಮಿನಾರದಿಂದ ಇಳಿದವನು ಹೊರಸಿಗೆ ಏರಿದ. ಡಾಕ್ಟರರು ಪಡಸಾಲೆಯಲ್ಲಿ ಕೂತು ತೀರ್ಪು ಓದಿದರು: ತಿಂಗಳೊಪ್ಪತ್ತು ಮಲಗಿರಬೇಕು, ಉಪ್ಪು ಬಂದ್, ನೋವು ಬಂದರೆ ಈ ಸಣ್ಣ ಗುಳಿಗೆ ನಾಲಿಗೆಯ ಕೆಳಗೆ. ಸರಬತ್ತಿಗೆ ಉಪ್ಪು ಎಷ್ಟು ಹಾಕುತ್ತಿದ್ದಿರಿ ಎಂದು ಕೇಳಿದ್ದಕ್ಕೆ ಮಲಕಾಜಪ್ಪ ಎರಡು ಬೆರಳು ತೋರಿಸಿದ. ರೇಣುಕವ್ವ ಹಿಂದಿನಿಂದ ಬೊಗಸೆ ತೋರಿಸಿದಳು.

"ಹಂಗಾರ ಲಿಂಬಿ ಸುಳ್ಳೇನ್ರಿ?" ಎಂದು ಅವಳೇ ಕೇಳಿದಳು.

"ಸುಳ್ಳಲ್ಲ ತಂಗಿ. ಉಪ್ಪು ಬಿಟ್ಟ ಪಲ್ಯಾಕ್ಕ ಲಿಂಬಿ ಹಿಂಡು, ನಾಲಿಗಿ ಉಪ್ಪು ಮರೀತೈತಿ. ಇದು ಬಹುದು ಅಲ್ಲ, ಖರೇ. ಸಿಪ್ಪಿ ಒಳಗಿನ ಸತ್ವದಿಂದನೂ ಒಳ್ಳೇದಾಗಬಹುದು. ತಿನ್ನವ್ರು ತಿನ್ಲಿ. ಗುಳಿಗಿ ಬದಲಿಗೆ ಮಾತ್ರ ಬ್ಯಾಡ."

ಆಮೇಲೆ ನೋಡಲು ಬರುವವರ ಸಾಲು ಹತ್ತಿತು. ಆ ಕಾಲಕ್ಕೆ ಮೋಸಂಬಿ ಎಂದರೆ ಬೇನೆಬಿದ್ದವರ ಹಣ್ಣು. ಮನೆಗೆ ಮೋಸಂಬಿ ಬಂತೆಂದರೆ ಆಸೆ ಬಿಟ್ಟರೆಂದೇ ಅರ್ಥ. ಭಾಗಪ್ಪ ಮೋಸಂಬಿ ತಂದ. ಕಂಪೌಂಡರ ತಂದ. ಟಿಕೋಟಾದಿಂದ ಬಸಗೊಂಡಪ್ಪನೂ, ಲಿಂಬಿಯ ತೋಟ ಇಟ್ಟುಕೊಂಡವನು, ಪೇಟೆಯಲ್ಲಿ ಮೋಸಂಬಿ ಕೊಂಡು ತಂದ. ಎದೆ ಬಾರಿಸಿ ನೋಡಿದ್ದವರೆಲ್ಲ ಈಗ ಹೊರಸಿನ ಸುತ್ತ ಕೂತು, ಮಲಕಾಜಪ್ಪ ಎಂಥ ಒಳ್ಳೆಯ ಮನುಷ್ಯನಾಗಿದ್ದ ಎಂದು ತಮ್ಮತಮ್ಮೊಳಗೆ ಮಾತಾಡಿಕೊಂಡರು. ಅವನು ತೊಲೆ ನೋಡುತ್ತ ಮಲಗಿದ್ದ. ಮೋಸಂಬಿಯ ರಾಶಿ ಗೂಡಿನ ಮಟ್ಟಕ್ಕೆ ಬಂದ ದಿನ, "ಇವನ್ನ ಯಾರಿಗ್ಯಾರ ಕೊಟ್ಟಬಿಡು, ನೋಡಿ ನೋಡಿ ಜೀವ ಹೋಗಾಕತ್ತೈತಿ," ಎಂದ. ರೇಣುಕವ್ವ ಹಣ್ಣು ಬಾಬುಸಾಬನ ಮನೆಗೆ ಕಳಿಸಿದಳು. ಗಂಡನ ತಾಟಿನ ಸಪ್ಪನೆಯ ಬದನೆಕಾಯಿಗೆ ಲಿಂಬಿ ಹಿಂಡಿದಳು.

ಬೇಸಿಗೆ ಮುಗಿಯುವಾಗ ಅವನು ಮತ್ತೆ ಅಂಗಡಿಗೆ ಹೊರಟ. ಸರಬತ್ತಿಗೆ ಈಗ ಸಿಪ್ಪೆಯಿಲ್ಲ, ಕರಿ ಉಪ್ಪಿಲ್ಲ. ಕುಡಿದವರ ಮುಖ ಗಂಟಾಗದ್ದರಿಂದ ಔಷಧಿಯ ಗಿರಾಕಿಗಳು ಹೋಗಿ ಬಾಯಾರಿದವರು ಮಾತ್ರ ಉಳಿದರು. ರಾಯರು ಬೆಳ್ಳುಳ್ಳಿಯ ಮಂಡಳಿ ಕಟ್ಟಿದ್ದರು. ಅಂಗಿಯ ಎದೆಯ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದ ಗುಳಿಗೆಯ ಗುಣದಿಂದ ನೋವು ಅಪರೂಪವಾಗಿತ್ತು. ಮಲಕಾಜಪ್ಪ ದಾರಿಯಲ್ಲಿ ಎಲ್ಲಿಯೂ ನಿಲ್ಲದೆ ಮೆಲ್ಲಗೆ ನಡೆದು ಬರುತ್ತಿದ್ದ. ಒಂದು ವಾರ ಕಳೆಯುವುದರೊಳಗೆ ಊರಲ್ಲಿ ಮಾತು ಹುಟ್ಟಿತು. "ನೋಡಿದ್ರೇನು, ಆರಾಮ ಆದಕೂಡ್ಲೆ ಸೊಕ್ಕು ಬಂತು. ಮೊದಲ ಎದಿಗೆ ಕೈ ಹಚ್ಚಿ ನಿಲ್ಲತಿದ್ದ, ಈಗ ನೋಡಿದ್ರೂ ನೋಡದಂಗ ಹೊಂಟಾನ." ಬಟ್ಟೆ ಅಂಗಡಿಯವನಂತೂ ಮುಖ ತಿರುಗಿಸಿ ಕೂತ. ಆ ಸಲಾಮು ಸಲಾಮಲ್ಲವೆಂದು ಗುಮ್ಮಟ ಸಾರಿದ್ದು ಎಲ್ಲರಿಗೂ ಗೊತ್ತಿತ್ತು. ಆದರೂ ತಮಗೆ ಸಿಕ್ಕ ಮರ್ಯಾದೆಯನ್ನು ಹಿಂದಕ್ಕೆ ಕೊಡಲು ಯಾರಿಗೂ ಮನಸ್ಸಿರಲಿಲ್ಲ.

ಹಾಗಾಗಿ ಮಲಕಾಜಪ್ಪ ನೋವಿಲ್ಲದೆಯೂ ನಿಲ್ಲಬೇಕಾಯಿತು. ಬಟ್ಟೆ ಅಂಗಡಿಯ ಮುಂದೆ ನಿಂತು, ಎದೆಗೆ ಕೈ ಹಚ್ಚಿ, ತಲೆ ಬಾಗಿಸಿ, ಮುಂದೆ ಹೋಗಿ, ಮತ್ತೆ ನಿಂತು. ಮೊದಲು ನೋವು ಹಿಡಿದು ನಿಲ್ಲಿಸುತ್ತಿತ್ತು, ಈಗ ಊರು.

ಒಂದು ದಿನ ಅವನು ಅಂಗಡಿಯ ಮುಂದೆ ನಿಂತಿದ್ದಾಗ ಹಣಮಂತರಾಯರು ಚೌಕ ದಾಟಿ ಬಂದರು. ಮಲಕಾಜಪ್ಪನ ಕೈ ಎದೆಗೆ ಹೋಯಿತು. ರಾಯರು ಒಂದು ಮಾರು ದೂರದಲ್ಲೇ ನಿಂತು ಆ ಕೈಯನ್ನು ಬಹಳ ಹೊತ್ತು ನೋಡಿದರು. ಗುಮ್ಮಟದ ದಿನದಿಂದ ಒಳಗೇ ಕೊರೆಯುತ್ತಿದ್ದ ಪ್ರಶ್ನೆಯನ್ನು ಅಂದು ಕೇಳಿಯೇಬಿಟ್ಟರು.

"ಮಲಕಾಜಪ್ಪ, ಖರೇ ಹೇಳು. ಈಗ ನನ್ನ ನೋಡಿ ಎದಿ ಮ್ಯಾಲ ಕೈ ಇಟ್ಟಿಯಲ್ಲ, ಇದು ನೋವಿಂದೋ, ಮರ್ಯಾದಿದೋ?"

"ಎರಡೂ ಅಲ್ರಿ," ಎಂದ ಮಲಕಾಜಪ್ಪ. "ನೀವು ಬರೂದು ಕಂಡ್ತು. ಕಿಸೆದಾಗ ಗುಳಿಗಿ ಐತೋ ಇಲ್ಲೋ ನೋಡಿಕೊಂಡ್ನಿ."